ಶಾಲಾ ತಂಡಗಳಿಗೆ ಮಾರ್ಗದರ್ಶಕರನ್ನು ಕೊಡಿ

ಇವರಿಗೆ,
ಮಾನ್ಯ ಆಯುಕ್ತರು,
ಶಾಲಾ ಶಿಕ್ಷಣ ಇಲಾಖೆ,
ಬೆಂಗಳೂರು.

ಇವರಿಂದ,
ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಮುಖ್ಯ ಶಿಕ್ಷಕರು, ಸಹಶಿಕ್ಷಕರು ಹಾಗೂ ಎಸ್‌ಡಿಎಂಸಿ ಸದಸ್ಯರು.

ವಿಷಯ: ವಿದ್ಯಾರ್ಥಿಗಳಲ್ಲಿ ಒಳ್ಳೆಯ ನಡವಳಿಕೆ ಬೆಳೆಸಲು ಪ್ರತಿ ಶಾಲೆಯಲ್ಲಿ ತಂಡ ರಚಿಸಿ, ಆ ತಂಡದ ಜೊತೆ ವರ್ಷವಿಡೀ ಕೆಲಸ ಮಾಡುವ ಮಾರ್ಗದರ್ಶಕರನ್ನು ಒದಗಿಸುವ ಕುರಿತು.

ಮಾನ್ಯರೇ,

ಶಾಲೆಯಲ್ಲಿ ಹೊಡೆಯಬಾರದು ಎಂದು ಕಾನೂನು ಹೇಳಿ ಬಹಳ ವರ್ಷಗಳಾದವು. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಕಾಯ್ದೆ 14 ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸಿದರೆ, 18ರೊಳಗಿನ ಎಲ್ಲರಿಗೂ ಬಾಲನ್ಯಾಯ ಕಾಯ್ದೆ, 2015ರ 75ನೇ ಕಲಂನ ರಕ್ಷಣೆಯಿದೆ. ಇದರ ಬಗ್ಗೆ ನಮ್ಮ ತಕರಾರಿಲ್ಲ. ‘ಒಂದೇಟು ಕೊಡೋಕಾದರೂ ಬಿಡಬೇಕಿತ್ತು’ ಎನ್ನುವ ಸಹೋದ್ಯೋಗಿಗಳು ಎಲ್ಲ ಸ್ಟಾಫ್ ರೂಮುಗಳಲ್ಲೂ ಇದ್ದಾರೆ. ಅವರ ಮಾತಿಗೆ ಈ ಮನವಿಯಲ್ಲಿ ನಮ್ಮ ಸಹಿಯಿಲ್ಲ.

ನಮ್ಮ ಅಹವಾಲು ಬೇರೆ. ಬೆತ್ತ ಹೋದ ಜಾಗಕ್ಕೆ ಏನು ಬಂತು? ಒಂದು ಸುತ್ತೋಲೆ, ಒಂದೆರಡು ದಿನದ ತರಬೇತಿ, ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098ರ ಬರಹ. ಇವೆಲ್ಲ ಬೇಕಾದವೇ. ಆದರೆ ತರಬೇತಿಯಿಂದ ಮರಳಿದ ಶಿಕ್ಷಕಿ ಸೋಮವಾರ ಬೆಳಿಗ್ಗೆ ಅರವತ್ತು ಮಕ್ಕಳ ಒಂಬತ್ತನೇ ತರಗತಿಯ ಮುಂದೆ ಒಬ್ಬರೇ ನಿಲ್ಲುತ್ತಾರೆ. ಆಗ ಕೈಗೆ ಸಿಗುವುದು ಹಳೆಯ ಅಸ್ತ್ರಗಳೇ. ಬಾಗಿಲ ಹೊರಗೆ ನಿಲ್ಲಿಸುವುದು, ಎಲ್ಲರೆದುರು ಹಂಗಿಸುವುದು, ‘ಟಿ.ಸಿ. ಕೊಟ್ಟು ಕಳಿಸ್ತೀನಿ’ ಎಂದು ಹೆದರಿಸುವುದು, ‘ನಾಳೆ ನಿಮ್ಮಪ್ಪನ್ನ ಕರಕೊಂಡು ಬಾ’ ಎನ್ನುವುದು. ಕೊನೆಯದು ಮೇಲುನೋಟಕ್ಕೆ ನಿರುಪದ್ರವಿ. ಆದರೆ ಕೂಲಿಗೆ ಹೋಗುವ ಅಪ್ಪ ಶಾಲೆಗೆ ಬಂದರೆ ಒಂದು ದಿನದ ಸಂಬಳ ಹೋಗುತ್ತದೆ, ಆ ಸಿಟ್ಟು ಮನೆಯಲ್ಲಿ ಮಗನ ಬೆನ್ನಿಗೆ ಬೀಳುತ್ತದೆ. ಅಪ್ಪನನ್ನು ಕರೆತರುವ ಬದಲು ಶಾಲೆಗೇ ಬರದೆ ಇರುವುದನ್ನು ಆ ಹುಡುಗ ಆರಿಸಿಕೊಳ್ಳುತ್ತಾನೆ. ಹಾಗೆ ನಾಲ್ಕು ದಿನ ತಪ್ಪಿಸಿದವನು ಐದನೆಯ ದಿನ ಗ್ಯಾರೇಜಿನಲ್ಲೋ ಗಾರೆ ಕೆಲಸದಲ್ಲೋ ಸಿಗುತ್ತಾನೆ. ಹೊಡೆಯದೆಯೂ ಮಗುವನ್ನು ಶಾಲೆಯಿಂದ ಓಡಿಸಬಹುದು ಎಂಬುದು ನಮಗೆ ಚೆನ್ನಾಗಿ ಗೊತ್ತು.

ಲೆಕ್ಕದ ಹಾಗೆ ನಡವಳಿಕೆಯನ್ನೂ ಕಲಿಸಬೇಕಾಗುತ್ತದೆ. ಕೂಡುವುದು ಬಾರದ ಮಗುವಿಗೆ ನಾವು ಮತ್ತೊಮ್ಮೆ ಹೇಳಿಕೊಡುತ್ತೇವೆ. ಸಾಲಿನಲ್ಲಿ ನಿಲ್ಲಲು ಬಾರದ ಮಗುವನ್ನು ಮಾತ್ರ ಬೈಯುತ್ತೇವೆ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ತಜ್ಞರು 1990ರ ದಶಕದಲ್ಲಿ ಬೆಳೆಸಿದ ಒಂದು ಕ್ರಮವಿದೆ: ಶಾಲೆಯಲ್ಲಿ ಹೇಗಿರಬೇಕು ಎಂಬುದನ್ನು ಎಲ್ಲ ಮಕ್ಕಳಿಗೂ ಕಲಿಸುವುದು, ಅದು ಸಾಲದ ಕೆಲವರಿಗೆ ಹೆಚ್ಚಿನ ಆಸರೆ ಕೊಡುವುದು, ತೀರಾ ಒಬ್ಬಿಬ್ಬರಿಗೆ ಅವರದೇ ಯೋಜನೆ ಮಾಡುವುದು. ಅಲ್ಲಿನ ಚೀಟಿ, ಅಂಕ, ಬಹುಮಾನಗಳ ಪದ್ಧತಿಯನ್ನು ಇಲ್ಲಿಗೆ ತರುವುದು ಬೇಡ. ಬಹುಮಾನವಿಲ್ಲದ ದಿನ ಅದು ನಿಂತುಹೋಗುತ್ತದೆ. ಆದರೆ ಶಿಕ್ಷಕರು ತಂಡವಾಗಿ ಕುಳಿತು, ಘಟನೆಗಳನ್ನು ಬರೆದಿಟ್ಟು, ತಿಂಗಳಿಗೊಮ್ಮೆ ನೋಡಿ ತೀರ್ಮಾನಿಸುವ ಅಭ್ಯಾಸಕ್ಕೆ ದುಡ್ಡೂ ಬೇಕಿಲ್ಲ, ವಿದೇಶವೂ ಬೇಕಿಲ್ಲ. ಜಗಳ ಯಾರು ಮಾಡಿದರು ಎಂದಷ್ಟೇ ಬರೆಯುವ ಬದಲು ಎಲ್ಲಿ, ಎಷ್ಟು ಹೊತ್ತಿಗೆ, ಅದಕ್ಕೆ ಮೊದಲು ಏನಾಗಿತ್ತು ಎಂದು ಬರೆದರೆ ಚಿತ್ರ ಬದಲಾಗುತ್ತದೆ. ‘ರೌಡಿ’ ಎಂದು ಹೆಸರಾದ ಹುಡುಗನ ಜಗಳಗಳೆಲ್ಲ ಬಿಸಿಯೂಟದ ನಂತರ ತಟ್ಟೆ ತೊಳೆಯುವ ನಲ್ಲಿಯ ಬಳಿಯೇ ಆಗುತ್ತಿದ್ದರೆ, ಇನ್ನೂರು ಮಕ್ಕಳಿಗೆ ಎರಡೇ ನಲ್ಲಿ ಇರುವುದು ಕಣ್ಣಿಗೆ ಬೀಳುತ್ತದೆ. ತರಗತಿವಾರು ಸರದಿ ಮಾಡಿದರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ.

ಇಷ್ಟನ್ನು ಶಿಕ್ಷಕರೇ ಮಾಡಿಕೊಳ್ಳಬಾರದೇ ಎಂದು ತಾವು ಕೇಳಬಹುದು. ಬಿಹಾರದ ನಾಳಂದಾ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳ ‘ಸೆಹರ್’ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಶಾಲೆಯ ವಾತಾವರಣ ಸುಧಾರಿಸುವ ಒಂದೇ ಕಾರ್ಯಕ್ರಮವನ್ನು ಅದಕ್ಕೆಂದೇ ನೇಮಿಸಿ ತರಬೇತಿ ಕೊಟ್ಟ ಸ್ಥಳೀಯ ವ್ಯಕ್ತಿ ನಡೆಸಿದ ಶಾಲೆಗಳಲ್ಲಿ ವಾತಾವರಣ ಸ್ಪಷ್ಟವಾಗಿ ಸುಧಾರಿಸಿತು, ಪೀಡನೆ, ಹಿಂಸೆ ತಗ್ಗಿದವು. ಇದ್ದ ಶಿಕ್ಷಕರ ಹೆಗಲಿಗೇ ಹೊರಿಸಿದ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಓದಿ ನಮಗೆ ಬೇಸರವಾಯಿತು, ಆಶ್ಚರ್ಯವಾಗಲಿಲ್ಲ. ಪಾಠ, ಸ್ಯಾಟ್ಸ್ ತಂತ್ರಾಂಶದ ನಮೂದು, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಚುನಾವಣೆ ಕೆಲಸ, ಇವುಗಳ ಮೇಲೆ ಇನ್ನೊಂದು ಕಡತ ಇಟ್ಟರೆ ಅದು ಕಡತವಾಗಿಯೇ ಉಳಿಯುತ್ತದೆ. ಆದ್ದರಿಂದ ನಮ್ಮ ಬೇಡಿಕೆಗಳು ಹೀಗಿವೆ.

ಒಂದು. ಪ್ರತಿ ಕ್ಲಸ್ಟರ್‌ಗೆ ಒಬ್ಬ ಮಾರ್ಗದರ್ಶಕರನ್ನು ಈ ಕೆಲಸಕ್ಕೆಂದೇ ನಿಯೋಜಿಸಬೇಕು. ಅವರು ತಿಂಗಳಿಗೆ ಎರಡು ಬಾರಿಯಾದರೂ ಶಾಲೆಗೆ ಬಂದು ತಂಡದೊಡನೆ ಕೂರಬೇಕು, ತರಗತಿಯಲ್ಲಿ ಜೊತೆಗೆ ನಿಂತು ಮಾಡಿ ತೋರಿಸಬೇಕು, ಮುಂದಿನ ಭೇಟಿಯಲ್ಲಿ ‘ಏನಾಯಿತು?’ ಎಂದು ಕೇಳಬೇಕು. ಸಿಆರ್‌ಪಿ, ಬಿಆರ್‌ಪಿಗಳಿಗೇ ಇದನ್ನು ವಹಿಸುವುದಾದರೆ ಸಂತೋಷ; ಅವರೂ ನಮ್ಮಂತೆ ಪಾಠ ಮಾಡಿದವರೇ. ಆದರೆ ಮೊದಲು ಅವರನ್ನು ಅಂಕಿಅಂಶ ಸಂಗ್ರಹದಿಂದ ಬಿಡುಗಡೆ ಮಾಡಬೇಕು. ಇಂದು ಅವರ ಬೈಕು ಗೇಟಿನೊಳಗೆ ಬಂದರೆ ನಾವು ಹುಡುಕುವುದು ಬಾಕಿಯಿರುವ ನಮೂನೆಯನ್ನು.

ಎರಡು. ಮಾರ್ಗದರ್ಶಕರು ತಪಾಸಣಾಧಿಕಾರಿ ಆಗಕೂಡದು. ನಮ್ಮ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದ ಬೇಡಿಕೆ ಇದು. ‘ಎಂಟನೇ ಬಿ ವಿಭಾಗ ನನ್ನ ಕೈ ಮೀರಿದೆ’ ಎಂದು ಶಿಕ್ಷಕ ಬಾಯಿಬಿಟ್ಟು ಹೇಳಬೇಕಾದರೆ, ಆ ಮಾತು ಬಿಇಒ ಕಚೇರಿಗೆ ವರದಿಯಾಗಿ ಹೋಗುವುದಿಲ್ಲ, ನೋಟಿಸಾಗಿ ಮರಳುವುದಿಲ್ಲ ಎಂಬ ಲಿಖಿತ ಭರವಸೆ ಬೇಕು. ಮಗುವಿಗೆ ಹಾನಿಯಾದ ಪ್ರಕರಣ ಇದರಿಂದ ಹೊರತು. ಅಲ್ಲಿ ಪೋಕ್ಸೊ ಮತ್ತು ಬಾಲನ್ಯಾಯ ಕಾಯ್ದೆಗಳು ಹೇಳಿದಂತೆಯೇ ನಡೆಯಲಿ; ಯಾರನ್ನೂ ಮರೆಮಾಚುವ ಉದ್ದೇಶ ನಮಗಿಲ್ಲ.

ಮೂರು. ಶಾಲಾ ತಂಡದಲ್ಲಿ ಮುಖ್ಯ ಶಿಕ್ಷಕರು, ಇಬ್ಬರು ತರಗತಿ ಶಿಕ್ಷಕರು ಮತ್ತು ದೈಹಿಕ ಶಿಕ್ಷಕರ ಜೊತೆ ಎಸ್‌ಡಿಎಂಸಿಯ ಒಬ್ಬ ತಾಯಿ, ಅಡುಗೆ ಸಿಬ್ಬಂದಿಯಲ್ಲೊಬ್ಬರು ಮತ್ತು ಇಬ್ಬರು ವಿದ್ಯಾರ್ಥಿಗಳು ಇರಲಿ. ಅಡುಗೆಯವರು ಯಾಕೆ ಎಂದು ಹುಬ್ಬೇರಿಸುವವರಿದ್ದಾರೆ. ಯಾವ ಮಗು ತಟ್ಟೆ ಹಿಡಿದು ದೂರ ಹೋಗಿ ಕೂರುತ್ತದೆ, ಯಾರ ಪಕ್ಕ ಯಾರು ಕೂರಲು ಒಲ್ಲೆನ್ನುತ್ತಾರೆ ಎಂಬುದು ಮೊದಲು ತಿಳಿಯುವುದು ಅವರಿಗೇ. ಎಷ್ಟೋ ‘ಅಶಿಸ್ತಿನ’ ಬೇರು ಜಾತಿಯ ಮಾತಿನಲ್ಲಿದೆ. ಅದು ಹಾಜರಿ ಪುಸ್ತಕದಲ್ಲಿ ಕಾಣುವುದಿಲ್ಲ.

ನಾಲ್ಕು. ತಂಡದ ಸಭೆಗೆ ತಿಂಗಳಿಗೆ ಎರಡು ಅವಧಿಯನ್ನು ವೇಳಾಪಟ್ಟಿಯಲ್ಲೇ ಕಾಯ್ದಿರಿಸಿ. ಶಾಲೆ ಬಿಟ್ಟ ಮೇಲೆ ಎಂದರೆ ಕೊನೆಯ ಬಸ್ಸು ಹಿಡಿಯುವ ಅತಿಥಿ ಶಿಕ್ಷಕರು ಇರಲಾರರು.

ಐದು. ತಂಡ ಘಟನೆಗಳನ್ನು ಬರೆದಿಡುವ ಪುಸ್ತಕ ಶಾಲೆಯ ಬಳಕೆಗೆ ಮಾತ್ರ ಇರಲಿ. ಮಗುವಿನ ಹೆಸರಿನೊಂದಿಗೆ ಅದು ಸ್ಯಾಟ್ಸ್‌ಗಾಗಲಿ, ಟಿ.ಸಿ.ಗಾಗಲಿ, ನಡತೆ ಪ್ರಮಾಣಪತ್ರಕ್ಕಾಗಲಿ ಹೋಗಬಾರದು. ಹದಿಮೂರನೇ ವಯಸ್ಸಿನ ಸಿಟ್ಟು ಪಿಯುಸಿ ಪ್ರವೇಶದ ದಿನ ಎದುರು ಬಂದು ನಿಲ್ಲುವುದು ಬೇಡ.

ಆರು. ತಂಡದ ಕೈಮೀರಿದ ಮಗುವಿಗೆ ಮುಂದಿನ ದಾರಿ ಬೇಕು. ಟೆಲಿ-ಮನಸ್‌ನ 14416 ಸಹಾಯವಾಣಿ ಇದೆ, ಆರೋಗ್ಯ ಇಲಾಖೆಯ ಸ್ನೇಹಾ ಕ್ಲಿನಿಕ್‌ಗಳಿವೆ. ಯಾರನ್ನು, ಎಲ್ಲಿಗೆ, ಯಾರ ಜೊತೆ ಕಳಿಸಬೇಕು ಎಂಬುದನ್ನು ತಾಲ್ಲೂಕುವಾರು ಒಂದು ಪುಟದಲ್ಲಿ ಬರೆದುಕೊಟ್ಟರೆ ಸಾಕು.

ಶಿಕ್ಷಕರ ಜೊತೆ ನಿಂತು ಹೊಸ ಕ್ರಮ ಕಟ್ಟುವುದು ಇಲಾಖೆಗೆ ಹೊಸದಲ್ಲ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಶುರುವಾದದ್ದು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ. ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ತಮ್ಮ ತರಗತಿಗಳಲ್ಲಿ ಮಾಡಿ ನೋಡಿ ಅದನ್ನು ಕಟ್ಟಿದರು. ಶಿಕ್ಷಕರ ಜೊತೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. ಮಾರ್ಗದರ್ಶಕರ ಈ ಯೋಜನೆಯನ್ನೂ ಮೊದಲ ವರ್ಷ ಜಿಲ್ಲೆಗೊಂದು ತಾಲ್ಲೂಕಿನಲ್ಲಿ ಆರಂಭಿಸಿ, ಡಯಟ್‌ಗಳ ಉಸ್ತುವಾರಿಯಲ್ಲಿ ಏನು ಫಲಿಸಿತು, ಏನು ಫಲಿಸಲಿಲ್ಲ ಎಂದು ನೋಡಿಕೊಂಡು ವಿಸ್ತರಿಸಬಹುದು. ಫಲವನ್ನು ಎಸ್‌ಎಸ್‌ಎಲ್‌ಸಿ ಶೇಕಡಾವಾರಿನಿಂದ ಅಳೆಯಬೇಡಿ. ತಿಂಗಳ ಹಾಜರಿ ನೋಡಿ, ಮಕ್ಕಳನ್ನೇ ಕೇಳಿ.

ಮುಂದಿನ ಸಾಲಿನ ತರಬೇತಿ ಯೋಜನೆ ಅಂತಿಮವಾಗುವ ಮೊದಲು ನಮ್ಮ ಪ್ರತಿನಿಧಿಗಳಿಗೆ ಭೇಟಿಯ ಅವಕಾಶ ಕೊಟ್ಟು, ಮೇಲಿನ ಒಂದೊಂದು ಬೇಡಿಕೆಗೂ ಲಿಖಿತ ಉತ್ತರ ನೀಡಬೇಕೆಂದು ಕೋರುತ್ತೇವೆ. ಒಪ್ಪಲಾಗದವುಗಳಿಗೆ ಕಾರಣವನ್ನೂ ತಿಳಿಸಬೇಕಾಗಿ ವಿನಂತಿ.


ತಮ್ಮ ವಿಶ್ವಾಸಿಗಳು
(ಸಹಿ ಮಾಡಿದವರ ಪಟ್ಟಿ ಲಗತ್ತಿಸಿದೆ)

ಪ್ರತಿ: ನಿರ್ದೇಶಕರು, ಡಿಎಸ್‌ಇಆರ್‌ಟಿ, ಬೆಂಗಳೂರು, ಅಧ್ಯಕ್ಷರು, ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಬೆಂಗಳೂರು.