ಗೆದ್ದವರ ಪಟ್ಟಿ ಓದುವ ಮುಂಚೆ ಈಜಿಪುರಕ್ಕೆ ಹೋಗಿ ಬನ್ನಿ



ಪೇಪರಿನ ವಾಣಿಜ್ಯ ಪುಟವನ್ನು ನಮ್ಮ ಹುಡುಗರು ಕ್ರಿಕೆಟ್ ಪುಟಕ್ಕೆ ಹೋಗುವ ದಾರಿಯಲ್ಲಿ ಮಗುಚಿ ಹಾಕುತ್ತಾರೆ. ಈ ಸಲ ಸ್ವಲ್ಪ ನಿಲ್ಲಿ. ಆ ಪುಟದಲ್ಲಿ ಆಗಾಗ ಒಂದು ಪಟ್ಟಿ ಬರುತ್ತದೆ. ಕಟ್ಟಡ, ರಸ್ತೆ, ಸೇತುವೆ ಕಟ್ಟುವ ಕಂಪನಿಗಳಲ್ಲಿ ಈ ವರ್ಷ ಯಾರು ಎಷ್ಟು ಸಾವಿರ ಕೋಟಿಯ ಗುತ್ತಿಗೆ ಗೆದ್ದರು, ಯಾರು ಮೊದಲು, ಯಾರು ಎರಡನೆಯವರು ಎಂಬ ಪಟ್ಟಿ. ಅಂಕಿಗಳ ಮುಂದೆ ಸೊನ್ನೆಗಳ ಮೆರವಣಿಗೆ. ಸಿವಿಲ್ ಓದುತ್ತಿರುವ ಹುಡುಗ ಅದನ್ನು ಕತ್ತರಿಸಿಟ್ಟುಕೊಳ್ಳುತ್ತಾನೆ. ನಾಲ್ಕು ಕಾಸು ಉಳಿಸಿದವನು ಅದನ್ನು ನೋಡಿ ಷೇರು ಕೊಳ್ಳುತ್ತಾನೆ. ಮಂತ್ರಿಗಳು ಅದನ್ನು ನೋಡಿ 'ದೊಡ್ಡ ಕಂಪನಿ ಕಣ್ರೀ' ಅನ್ನುತ್ತಾರೆ.

ನಾನು ಹೇಳುವುದಿಷ್ಟೇ. ಆ ಪಟ್ಟಿ ಓದುವ ಮುಂಚೆ ಒಂದು ಸಂಜೆ ಕೋರಮಂಗಲದ ಕೇಂದ್ರೀಯ ಸದನದ ಹತ್ತಿರ ಬಸ್ಸಿಳಿದು ಈಜಿಪುರದವರೆಗೆ ನಡೆದು ಹೋಗಿ. ಎರಡೂವರೆ ಕಿಲೋಮೀಟರು, ಅಷ್ಟೆ. ಅಲ್ಲಿ ಮೇಲ್ಸೇತುವೆ ಕಟ್ಟಲು ಗುತ್ತಿಗೆ ಕೊಟ್ಟದ್ದು 2017ರಲ್ಲಿ, ಸುಮಾರು 204 ಕೋಟಿ ರೂಪಾಯಿಗೆ. ಗೆದ್ದದ್ದು ಸಣ್ಣ ಪುಟ್ಟ ಮೇಸ್ತ್ರಿಯಲ್ಲ, 1924ರಲ್ಲಿ ಶುರುವಾದ, ದೇಶದ ದೊಡ್ಡವರ ಸಾಲಿನಲ್ಲಿ ಹೆಸರಿದ್ದ ಕೊಲ್ಕತ್ತಾದ ಸಿಂಪ್ಲೆಕ್ಸ್. 2019ಕ್ಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಜಾಗ ಸಿಗಲಿಲ್ಲ, ಬಿಲ್ಲು ಬರಲಿಲ್ಲ ಎಂದು ಕಂಪನಿ. ಕೆಲಸವನ್ನೇ ಮಾಡಲಿಲ್ಲ ಎಂದು ಆಗಿನ ಬಿಬಿಎಂಪಿ. ಈ ಜಗಳದಲ್ಲಿ 2022ರಲ್ಲಿ ಗುತ್ತಿಗೆಯೇ ರದ್ದಾಯಿತು. ಉಳಿದ ಕೆಲಸಕ್ಕೆ ಮತ್ತೆ ಟೆಂಡರು, ಮತ್ತೆ ಟೆಂಡರು, ಕೊನೆಗೆ 2023ರಲ್ಲಿ ಬೇರೊಂದು ಕಂಪನಿಗೆ ಸುಮಾರು 176 ಕೋಟಿಗೆ ಹೋಯಿತು. 2025 ಮುಗಿಯುತ್ತ ಬಂದರೂ ಸೇತುವೆ ಪೂರ್ತಿಯಾಗಿರಲಿಲ್ಲ.

ಈಗ ಪಟ್ಟಿಗೆ ಬನ್ನಿ. 2017ರ ಲೆಕ್ಕದಲ್ಲಿ ಈ ಸೇತುವೆ ಒಬ್ಬರ 'ಗೆಲುವು'. 2023ರ ಲೆಕ್ಕದಲ್ಲಿ ಅದೇ ಸೇತುವೆ ಇನ್ನೊಬ್ಬರ 'ಗೆಲುವು'. ಒಂದೇ ಸೇತುವೆ ಎರಡು ಸಲ ಪಟ್ಟಿ ಹತ್ತಿತು. ಅಷ್ಟರಲ್ಲಿ ಒಂದು ಸೈಕಲ್ಲೂ ಆ ಸೇತುವೆ ಹತ್ತಿರಲಿಲ್ಲ! ಕಂಬಗಳ ಕೆಳಗೆ ಆಟೋದಲ್ಲಿ ಕೂತು ಆರೇಳು ವರ್ಷ ಧೂಳು ಕುಡಿದವರಿಗೆ ಯಾವ ಪಟ್ಟಿಯಲ್ಲೂ ಕಾಲಂ ಇಲ್ಲ.

ಏಕೆ ಹೀಗೆ? ಲೆಕ್ಕ ಹಾಕುವ ಬಗೆಯೇ ಹಾಗಿದೆ. ಕಂಪನಿಗಳನ್ನು ಅಳೆಯಲು ಎರಡು ಸೇರುಗಳಿವೆ. ಒಂದು, ಮಾಡಿದ ಕೆಲಸಕ್ಕೆ ಬಂದ ವರಮಾನ. ಅಮೆರಿಕದ 'ಎಂಜಿನಿಯರಿಂಗ್ ನ್ಯೂಸ್-ರೆಕಾರ್ಡ್' ಪತ್ರಿಕೆ ಪ್ರತಿ ವರ್ಷ ಪ್ರಪಂಚದ 250 ಗುತ್ತಿಗೆದಾರರನ್ನು ಈ ಸೇರಿನಲ್ಲೇ ಅಳೆದು ಕೂರಿಸುತ್ತದೆ. ಮೇಲಿನ ಸ್ಥಾನಗಳಲ್ಲಿ ವರ್ಷಗಳಿಂದ ಚೀನಾದ ಸರ್ಕಾರಿ ಕಂಪನಿಗಳೇ ಕೂತಿವೆ. ಇನ್ನೊಂದು ಸೇರು, ಗೆದ್ದ ಗುತ್ತಿಗೆಯ ಮೊತ್ತ. ಬ್ರಿಟನ್ನಿನ ಕಟ್ಟಡೋದ್ಯಮದ ಪತ್ರಿಕೆಗಳು ತಿಂಗಳಿಗೊಮ್ಮೆ ಫುಟ್ಬಾಲ್ ಲೀಗಿನ ಹಾಗೆ ಇದನ್ನು ಅಚ್ಚು ಹಾಕುತ್ತವೆ. ನಮ್ಮಲ್ಲಿ ಷೇರುಪೇಟೆಗೆ ಕಂಪನಿಗಳು ಕಳಿಸುವ ಪ್ರಕಟಣೆಗಳನ್ನು ಗುಡ್ಡೆ ಹಾಕಿ ಪಟ್ಟಿ ಮಾಡುತ್ತಾರೆ. ಮೊದಲನೆಯದು ತಿಂದ ಊಟ, ಎರಡನೆಯದು ಬಂದ ಮದುವೆ ಕರೆಯೋಲೆ. ಕರೆಯೋಲೆ ಎಣಿಸಿದರೆ ಹೊಟ್ಟೆ ತುಂಬುತ್ತದೆಯೇ?

ನಮ್ಮ ದೇಶದ ದೊಡ್ಡಣ್ಣನನ್ನೇ ನೋಡಿ. 1938ರಲ್ಲಿ ಇಬ್ಬರು ಡೆನ್ಮಾರ್ಕ್ ಎಂಜಿನಿಯರುಗಳು ಮುಂಬಯಿಯಲ್ಲಿ ಶುರು ಮಾಡಿದ ಲಾರ್ಸನ್ ಅಂಡ್ ಟೂಬ್ರೊ 2024-25ರಲ್ಲಿ ಗೆದ್ದ ಹೊಸ ಕೆಲಸದ ಮೊತ್ತ ಸುಮಾರು 3.57 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಆ ವರ್ಷದ ಕೊನೆಗೆ ಕೈಯಲ್ಲಿ ಉಳಿದ, ಅಂದರೆ ಒಪ್ಪಿಕೊಂಡು ಇನ್ನೂ ಮಾಡಿ ಮುಗಿಸಬೇಕಾದ ಕೆಲಸ ಸುಮಾರು 5.79 ಲಕ್ಷ ಕೋಟಿ. ಒಪ್ಪೋಣ, ದೊಡ್ಡ ಸಂಖ್ಯೆ, ಕೆಲಸವನ್ನೂ ಮಾಡುವ ಕಂಪನಿ. ಆದರೆ ಒಂದು ತಮಾಷೆ ಗಮನಿಸಿ. ಈ ಕಂಪನಿ ಹೊಸ ಗುತ್ತಿಗೆ ಸಿಕ್ಕಾಗ ಎಷ್ಟೋ ಸಲ ಮೊತ್ತವನ್ನೇ ಹೇಳುವುದಿಲ್ಲ. 'ಸಿಗ್ನಿಫಿಕೆಂಟ್' ಎಂದರೆ 1,000ದಿಂದ 2,500 ಕೋಟಿ, 'ಲಾರ್ಜ್' ಎಂದರೆ 2,500ರಿಂದ 5,000 ಕೋಟಿ, ಹೀಗೆ ಅಂಗಿಯ ಸೈಜಿನ ಹಾಗೆ ಹೇಳಿ ಬಿಡುತ್ತದೆ. ಒಂದು ಸಾವಿರವೋ ಎರಡೂವರೆ ಸಾವಿರವೋ ತಿಳಿಯದೆ ಹೊರಗಿನವರು ರ‍್ಯಾಂಕು ಕೊಡುವುದಾದರೂ ಹೇಗೆ?

ಇನ್ನೂ ಒಳಗೆ ಹೋಗೋಣ. ಟೆಂಡರು ಗೆಲ್ಲುವುದು ಯಾರು? ಅರ್ಹತೆ ದಾಟಿದವರಲ್ಲಿ ಎಲ್ಲರಿಗಿಂತ ಕಡಿಮೆ ದರ ಬರೆದವನು. ಗುತ್ತಿಗೆಯವರ ಭಾಷೆಯಲ್ಲಿ 'ಎಲ್-ಒನ್'. ಹಾಗಾದರೆ ಅತಿ ಹೆಚ್ಚು ಟೆಂಡರು ಗೆದ್ದವನು ಯಾರು? ಅತಿ ಹೆಚ್ಚು ಸಲ ಎಲ್ಲರಿಗಿಂತ ಕಡಿಮೆ ಬರೆದವನು! ಅವನು ನಿಜವಾಗಿಯೂ ಜಾಣನಿರಬಹುದು, ಒಳ್ಳೆಯ ಯಂತ್ರ, ಒಳ್ಳೆಯ ಜನ ಇರಬಹುದು. ಇಲ್ಲವೇ ಮುಳುಗುತ್ತಿರುವವನಿರಬಹುದು: ಹಳೆಯ ಸಾಲಕ್ಕೆ ಬಡ್ಡಿ ಕಟ್ಟಲು ಹೊಸ ಕೆಲಸದ ಮುಂಗಡ ಬೇಕಾದವನು. ಪಟ್ಟಿಯಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ.

ಇದು ನನ್ನ ಕುಹಕವಲ್ಲ. ಬ್ರಿಟನ್ನಿನಲ್ಲಿ ಕರಿಲಿಯನ್ ಎಂಬ ಕಂಪನಿಯಿತ್ತು. ಆ ದೇಶದ ಎರಡನೆಯ ದೊಡ್ಡ ಕಟ್ಟಡ ಕಂಪನಿ ಎಂದೇ ಜನ ಕರೆಯುತ್ತಿದ್ದರು. ಆಸ್ಪತ್ರೆ, ರೈಲ್ವೆ, ಜೈಲು, ಶಾಲೆ, ಎಲ್ಲದರಲ್ಲೂ ಕೈ. 2017ರ ಜುಲೈ 10ರಂದು ಅದೇ ಕಂಪನಿ ತನ್ನ ಗುತ್ತಿಗೆಗಳ ಲೆಕ್ಕದಲ್ಲಿ 84.5 ಕೋಟಿ ಪೌಂಡು ಕೊರತೆ ಇದೆ ಎಂದು ಒಪ್ಪಿಕೊಂಡಿತು. ಷೇರು ನೆಲ ಕಚ್ಚಿತು. ಒಂದೇ ವಾರ ಕಳೆದು ಏನಾಯಿತು ಗೊತ್ತೇ? ಲಂಡನ್ನಿನಿಂದ ಉತ್ತರಕ್ಕೆ ಹೋಗುವ ವೇಗದ ರೈಲು ಮಾರ್ಗದ 1.4 ಶತಕೋಟಿ ಪೌಂಡಿನ ಕೆಲಸ ಇನ್ನಿಬ್ಬರ ಜೊತೆ ಪಾಲುದಾರಿಕೆಯಲ್ಲಿ ಅದಕ್ಕೇ ಸಿಕ್ಕಿತು! ಆ ತಿಂಗಳ ಪಟ್ಟಿ ನೋಡಿದವನಿಗೆ ಅದು ಗೆದ್ದ ಕುದುರೆ. ಆರು ತಿಂಗಳಿಗೆ, 2018ರ ಜನವರಿ 15ರಂದು, ಬಾಗಿಲು ಹಾಕಿತು. ಸುಮಾರು 700 ಕೋಟಿ ಪೌಂಡು ಹೊಣೆ ತಲೆಯ ಮೇಲೆ. ಪೆಟ್ಟಿಗೆಯಲ್ಲಿ ಇದ್ದ ನಗದು 2.9 ಕೋಟಿ. ಪ್ರಪಂಚದಾದ್ಯಂತ ಅದರ ಕೆಲಸಗಾರರು 43 ಸಾವಿರ. ಸರಕು ಕೊಟ್ಟವರು, ಉಪಗುತ್ತಿಗೆ ಮಾಡಿದವರು ಸುಮಾರು 30 ಸಾವಿರ ಮಂದಿಗೆ ಬರಬೇಕಿದ್ದ ಬಾಕಿ ಸುಮಾರು 200 ಕೋಟಿ ಪೌಂಡು. ಲಿವರ್‌ಪೂಲ್‌ನಲ್ಲಿ ಅರ್ಧ ಕಟ್ಟಿದ ಆಸ್ಪತ್ರೆಯೊಂದು ಹಾಗೇ ನಿಂತು, ರೋಗಿಗಳಿಗೆ ತೆರೆದದ್ದು 2022ರಲ್ಲಿ. ನೆನಪಿಡಿ, ಈ ಕಂಪನಿ ತನಗೆ ಸರಕು ಕೊಟ್ಟವರಿಗೆ ಹಣ ಕೊಡಲು 120 ದಿನದ ವಾಯಿದೆ ಇಟ್ಟುಕೊಂಡಿತ್ತು. ಅಂದರೆ ಸಣ್ಣವರ ದುಡ್ಡಿನಲ್ಲಿ ದೊಡ್ಡವರು ನಂಬರ್ ಟೂ!

ಈಗ ನಮ್ಮ ಸರ್ಕಾರಿ ಟೆಂಡರು ಪುಸ್ತಕ ತೆಗೆಯಿರಿ. ಒಣ ಪುಸ್ತಕ, ಆದರೆ ಅದರಲ್ಲಿ ಒಂದು ಸತ್ಯ ಅಡಗಿದೆ. ಗುತ್ತಿಗೆದಾರನ ತಾಕತ್ತು ಅಳೆಯಲು ಕರ್ನಾಟಕದ ಕಾಮಗಾರಿ ಟೆಂಡರುಗಳಲ್ಲಿ ಒಂದು ಸೂತ್ರ ಇರುತ್ತದೆ: ಎ ಗುಣಿಸು ಎನ್ ಗುಣಿಸು 1.5, ಅದರಿಂದ ಬಿ ಕಳೆ. 'ಎ' ಎಂದರೆ ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ನಿಜವಾಗಿ ಮಾಡಿ ಮುಗಿಸಿದ ಹೆಚ್ಚಿನ ಕೆಲಸ. 'ಎನ್' ಎಂದರೆ ಹೊಸ ಕೆಲಸಕ್ಕೆ ಕೊಟ್ಟ ವರ್ಷಗಳು. 'ಬಿ' ಎಂದರೆ ಕೈಯಲ್ಲಿ ಈಗಾಗಲೇ ಇರುವ, ಆ ಅವಧಿಯಲ್ಲಿ ಮಾಡಲೇಬೇಕಾದ ಕೆಲಸ. ಒಬ್ಬ ವರ್ಷಕ್ಕೆ 400 ಕೋಟಿ ಕೆಲಸ ಮಾಡಿ ತೋರಿಸಿದ್ದಾನೆ ಎನ್ನಿ. ಹೊಸ ಕೆಲಸಕ್ಕೆ ಎರಡು ವರ್ಷ. ಗುಣಿಸಿದರೆ 1,200 ಕೋಟಿ. ಆದರೆ ಅವನು ಈಗಾಗಲೇ 900 ಕೋಟಿಯ ಕೆಲಸ ಗೆದ್ದು ಇಟ್ಟುಕೊಂಡಿದ್ದಾನೆ. ಕಳೆಯಿರಿ. ಉಳಿದದ್ದು 300. ಅವನು 500 ಕೋಟಿಯ ಟೆಂಡರಿಗೆ ಕೈ ಹಾಕುವಂತಿಲ್ಲ!

ನೋಡಿದಿರಾ? ಪೇಪರಿನ ಪಟ್ಟಿ ಯಾವುದನ್ನು ಕೂಡಿಸಿ ಹಾರ ಹಾಕುತ್ತದೋ ಅದನ್ನೇ ಎಂಜಿನಿಯರ ಸೂತ್ರ ಕಳೆದು ಹಾಕುತ್ತದೆ. ಅದರ ಪ್ರಕಾರ ಗೆದ್ದ ಗುತ್ತಿಗೆ ಕಿರೀಟವಲ್ಲ, ಹೊರೆ. ಸೂತ್ರ ಬರೆದವನು ಯಾರೋ, ಅವನಿಗೆ ನನ್ನ ನಮಸ್ಕಾರ. ಆದರೆ ಆ 'ಬಿ' ಎಷ್ಟು ಎಂದು ಬರೆದುಕೊಡುವವನು ಟೆಂಡರು ಹಾಕುವವನೇ. ಬೇರೆ ರಾಜ್ಯದಲ್ಲಿ, ಬೇರೆ ಇಲಾಖೆಯಲ್ಲಿ ಅವನ ಕೈಯಲ್ಲಿರುವ ಕೆಲಸವನ್ನು ಯಾರು ಹೋಗಿ ಎಣಿಸಬೇಕು?

'ನಮ್ಮ ಕರ್ನಾಟಕದ ಗುತ್ತಿಗೆದಾರರು ಈ ಪಟ್ಟಿಗಳ ತುದಿಯಲ್ಲಿ ಏಕಿಲ್ಲ?' ಎಂದು ಕೆಲವು ಗೆಳೆಯರು ಮುಷ್ಟಿ ಬಿಗಿಯುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಉತ್ತರ ಅದೇ ಪುಸ್ತಕದಲ್ಲಿದೆ. ದೊಡ್ಡ ಕೆಲಸಕ್ಕೆ ಅರ್ಜಿ ಹಾಕಬೇಕಾದರೆ ಅಂಥದೇ ದೊಡ್ಡ ಕೆಲಸ ಮೊದಲೇ ಮಾಡಿರಬೇಕು. ಮಾಡಿಲ್ಲದವನಿಗೆ ಸಿಗುವುದಿಲ್ಲ, ಸಿಗದವನು ಮಾಡುವುದಿಲ್ಲ. ಹತ್ತು ಸಣ್ಣ ಕೆಲಸಗಳನ್ನು ಒಂದೇ 'ಪ್ಯಾಕೇಜು' ಎಂದು ಕಟ್ಟಿದರೆ ತಾಲ್ಲೂಕಿನ ಗುತ್ತಿಗೆದಾರ ಬಾಗಿಲಲ್ಲೇ ನಿಂತ. ಆಮೇಲೆ ಅವನೇ ಪ್ಯಾಕೇಜು ಗೆದ್ದವನ ಹತ್ತಿರ ಉಪಗುತ್ತಿಗೆಗೆ ಕೈಕಟ್ಟಿ ನಿಲ್ಲುತ್ತಾನೆ. ಕೆಲಸ ಮಾಡುವವನು ಇವನು, ಪಟ್ಟಿಯಲ್ಲಿ ಹೆಸರು ಅವನದು.

ಹಾಗೆಂದು ನಮ್ಮವರೆಲ್ಲ ಸಾಚಾ ಎಂದು ನಾನು ಬರೆಯಲಾರೆ. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು ಶೇಕಡ 40ರಷ್ಟು ಕಮಿಷನ್ ಹೋಗುತ್ತಿದೆ ಎಂದು ಆರೋಪ ಮಾಡಿತು. ಅದು ನಿಜವಾದರೆ ನೂರು ರೂಪಾಯಿ 'ಗೆದ್ದ' ಗುತ್ತಿಗೆಯಲ್ಲಿ ಜಲ್ಲಿ ಸಿಮೆಂಟಿಗೆ ಉಳಿದದ್ದೆಷ್ಟು? ಪಟ್ಟಿಯಲ್ಲಿ ಮಾತ್ರ ನೂರಕ್ಕೆ ನೂರೂ ಇರುತ್ತದೆ.

ಪಟ್ಟಿಯ ತೀರಾ ಕೆಳಗೆ, ಅಚ್ಚಾಗದ ಜಾಗದಲ್ಲಿ, ಇನ್ನೊಂದಷ್ಟು ಜನ ಇದ್ದಾರೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರು. ಬಿಹಾರ, ಒಡಿಶಾ, ಬಂಗಾಳದಿಂದ ರೈಲು ಹತ್ತಿ ಬಂದವರು. ಕಂಪನಿಯಿಂದ ಉಪಗುತ್ತಿಗೆದಾರ, ಅವನಿಂದ ಮೇಸ್ತ್ರಿ, ಮೇಸ್ತ್ರಿಯಿಂದ ಇವರ ಕೈಗೆ ಬಟವಾಡೆ. ತಗಡಿನ ಶೆಡ್ಡಿನಲ್ಲಿ ಸಂಸಾರ. 2025ರ ಫೆಬ್ರುವರಿಯಲ್ಲಿ ಆ ದೊಡ್ಡಣ್ಣ ಕಂಪನಿಯ ಅಧ್ಯಕ್ಷರು, ಸರ್ಕಾರದ ಕಲ್ಯಾಣ ಯೋಜನೆಗಳಿಂದಾಗಿ ಕೂಲಿಯವರು ಊರು ಬಿಟ್ಟು ಬರಲು ಒಪ್ಪುತ್ತಿಲ್ಲ ಎಂದು ಚೆನ್ನೈಯ ಸಭೆಯೊಂದರಲ್ಲಿ ಬೇಸರಪಟ್ಟರು. ಲಕ್ಷ ಕೋಟಿ ಗೆದ್ದವರಿಗೂ ಈ ಜನ ಬರದಿದ್ದರೆ ಒಂದು ಕಂಬ ಏಳುವುದಿಲ್ಲ ಎಂದಾಯಿತು. 1996ರಲ್ಲಿ ಬಂದ ಕಾಯ್ದೆಯಿಂದ ಕಟ್ಟಡದ ವೆಚ್ಚದ ಮೇಲೆ ಶೇಕಡ 1 ಸೆಸ್ ಇವರ ಹೆಸರಿನಲ್ಲಿ ಸಂಗ್ರಹವಾಗುತ್ತ ಬಂದಿದೆ. ಆದರೆ ಕಾರ್ಡು ಮಾಡಿಸಿಕೊಳ್ಳುವಷ್ಟರಲ್ಲಿ ಸೈಟೇ ಬದಲಾಗಿರುತ್ತದೆ.

2023ರ ಜನವರಿ 10ರ ಬೆಳಿಗ್ಗೆ ನಾಗವಾರದ ಬಳಿ ಮೆಟ್ರೋ ಕಂಬಕ್ಕೆ ಕಟ್ಟಿದ್ದ ಕಬ್ಬಿಣದ ಹಂದರ ರಸ್ತೆಗೆ ಉರುಳಿತು. ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ, ಪುಟ್ಟ ಮಗು ಇಬ್ಬರೂ ಸತ್ತರು. ನಗರ ಎರಡು ದಿನ ಕುದಿಯಿತು. ಆ ವರ್ಷದ ಪಟ್ಟಿಗಳಲ್ಲಿ ಇದಕ್ಕಾಗಿ ಯಾರ ಮೊತ್ತದಿಂದಲೂ ಒಂದು ರೂಪಾಯಿ ಕಳೆಯಲಿಲ್ಲ.

ಒಂದು ಹಳೆಯ ಮಾತು ಹೇಳಿಬಿಡುತ್ತೇನೆ, ಕೋಪ ಬೇಡ. ಕನ್ನಂಬಾಡಿ ಕಟ್ಟೆ 1911ರಲ್ಲಿ ಶುರುವಾಯಿತು, ಮೈಸೂರು ಸಂಸ್ಥಾನದ ಲೋಕೋಪಯೋಗಿ ಇಲಾಖೆ ಕಟ್ಟಿಸಿತು. ಕೆಂಗಲ್ ಹನುಮಂತಯ್ಯನವರ ವಿಧಾನಸೌಧ 1956ಕ್ಕೆ ಮುಗಿಯಿತು. ಅದಕ್ಕೂ ಸರ್ಕಾರಿ ಇಲಾಖೆಯೇ ಮುಂದಾಳು, ಮುಖ್ಯ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ, ಕೂಲಿ ಮಾಡಿದವರಲ್ಲಿ ಜೈಲಿನ ಕೈದಿಗಳೂ ಇದ್ದರು. ಖರ್ಚು ಎರಡು ಕೋಟಿಯ ಒಳಗೆ. ಅಷ್ಟಕ್ಕೇ ಆಗ ಗಲಾಟೆಯೂ ಆಯಿತು. ಈ ಎರಡನ್ನೂ ಹಿಡಿದು ಕೂರಿಸಲು ಇವತ್ತಿನ ಪಟ್ಟಿಯಲ್ಲಿ ಜಾಗವಿಲ್ಲ. ಯಾರೂ ಅವನ್ನು 'ಗೆದ್ದಿರಲಿಲ್ಲ' ನೋಡಿ.

ಸರಿ, ನೀವೇನು ಮಾಡಬಹುದು? ನಿಮ್ಮ ಬಡಾವಣೆಯಲ್ಲಿ ಅಗೆದು ಬಿಟ್ಟ ರಸ್ತೆಯೋ, ನಿಂತ ಚರಂಡಿಯೋ ಇದ್ದೇ ಇರುತ್ತದೆ. ಒಂದನ್ನು ಹಿಡಿಯಿರಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕನ್ನಡದಲ್ಲೇ ಅರ್ಜಿ ಬರೆಯಿರಿ. ಈ ಐದು ಕೇಳಿ: ಕರಾರು ಆದ ದಿನ ಯಾವುದು, ಮುಗಿಸಬೇಕಾದ ದಿನ ಯಾವುದು, ಎಷ್ಟು ಸಲ ಗಡುವು ಮುಂದೂಡಿದಿರಿ, ಈವರೆಗೆ ಎಷ್ಟು ಹಣ ಕೊಟ್ಟಿರಿ, ಟೆಂಡರು ಹಾಕುವಾಗ ಗುತ್ತಿಗೆದಾರ 'ಬಿ' ಎಂದು ಬರೆದುಕೊಟ್ಟ ಮೊತ್ತ ಎಷ್ಟು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದಕ್ಕೆ ಮೀರಬಾರದು. ಈ ಐದು ಪ್ರಶ್ನೆಗೆ ಅಷ್ಟು ಬೇಕಾಗುವುದೂ ಇಲ್ಲ. ಶುಲ್ಕ ಹತ್ತು ರೂಪಾಯಿ. ಉತ್ತರ ಕೊಡಲು ಅವರಿಗೆ ಮೂವತ್ತು ದಿನ. ಬಂದ ಉತ್ತರದ ಒಂದು ಜೆರಾಕ್ಸ್ ನಮಗೂ ಕಳಿಸಿ.