ಸ್ಪೀಕರಿಗೂ ಮಡಿಯಾ?

ಮೊನ್ನೆ ಬೆಂಗಳೂರಿನ ಒಂದು ಆಡಿಯೋ ಅಂಗಡಿಗೆ ಹೋಗಿದ್ದೆ. ಅಪ್ಪ ಸಂಗೀತ ಕೇಳುವುದು 10 ಅಡಿಗೆ 12 ಅಡಿಯ ರೂಮಿನಲ್ಲಿ. ಅಲ್ಲೇ ಮಂಚ, ಅಲ್ಲೇ ಬೀರು. "ಗೋಡೆಯೊಳಗೆ ಕೂರಿಸೋ ಸ್ಪೀಕರ್ ತೋರಿಸಿ" ಅಂದೆ. ಅಂಗಡಿಯವರು ನಕ್ಕೇಬಿಟ್ಟರು. "ಅದು ಹೋಟೆಲ್ ಲಾಬಿಗೆ ಸಾರ್. ಸೀರಿಯಸ್ಸಾಗಿ ಮ್ಯೂಸಿಕ್ ಕೇಳೋರು ಸ್ಪೀಕರನ್ನ ಗೋಡೆಯಿಂದ ಮೂರಡಿ ದೂರ ಇಡ್ತಾರೆ."

ಮೂರಡಿ! ನಮ್ಮ ರೂಮಿನಲ್ಲಿ ಹಾಗೆ ಇಟ್ಟರೆ ಅಪ್ಪ ಬೀರುವಿನ ಮೇಲೆ ಕೂತು ಕೇಳಬೇಕು :)

ಈ ಮೂರಡಿಯ ಮಡಿ ನನಗೆ ಅರ್ಥವೇ ಆಗಿಲ್ಲ. ದೊಡ್ಡ ಹಾಲ್ ಇಲ್ಲದವರು ಸಂಗೀತವನ್ನು ಗಂಭೀರವಾಗಿ ಕೇಳುವ ಹಾಗೇ ಇಲ್ಲವೇ?

ಹೋಗಲಿ, ಲೆಕ್ಕವನ್ನೇ ನೋಡೋಣ. ತಗ್ಗಿನ ಸ್ವರಗಳು ಸ್ಪೀಕರಿನ ಮುಂದಕ್ಕಷ್ಟೇ ಹೋಗುವುದಿಲ್ಲ, ಸುತ್ತಲೂ ಹರಡುತ್ತವೆ. ಹಿಂದಕ್ಕೆ ಹೋದದ್ದು ಗೋಡೆಗೆ ಬಡಿದು ವಾಪಸು ಬಂದು, ಮುಂದಕ್ಕೆ ಹೊರಟ ಶಬ್ದದ ಜೊತೆ ಸೇರುತ್ತದೆ. ವೂಫರ್ ಗೋಡೆಯಿಂದ 60 ಸೆಂ.ಮೀ. ಮುಂದಿದೆ ಅನ್ನಿ. ಹೋಗಿ ಬರುವ ದಾರಿ 120 ಸೆಂ.ಮೀ. ಸುಮಾರು 143 ಹರ್ಟ್ಸ್ ಶಬ್ದಕ್ಕೆ ಅದು ಸರಿಯಾಗಿ ಅರ್ಧ ತರಂಗ. ಅಲ್ಲಿ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಕಪ್ಪು ಒಂದು ಶ್ರುತಿಯಲ್ಲಿ ಹಾಡುವ ಗಂಡಸಿನ ಷಡ್ಜ ಸುಮಾರು 139 ಹರ್ಟ್ಸ್. ಅಂದರೆ ಸೊರಗುವುದು ಷಡ್ಜವೇ! ಮೂರಡಿ ದೂರ ಇಟ್ಟರೂ ಈ ಹಳ್ಳ ಮುಚ್ಚುವುದಿಲ್ಲ, 94 ಹರ್ಟ್ಸ್ ಹತ್ತಿರಕ್ಕೆ ಇಳಿಯುತ್ತದೆ ಅಷ್ಟೇ.

ಗೋಡೆಯ ಮಟ್ಟಕ್ಕೇ ಕೂತ ಸ್ಪೀಕರಿಗೆ ಹಿಂದೆ ಗೋಡೆಯೇ ಇಲ್ಲ. ಹಾಗಾಗಿ ಈ ಹಳ್ಳವೂ ಇಲ್ಲ. ಪೆಟ್ಟಿಗೆಯ ಅಂಚಿಗೆ ತಾಗಿ ಶಬ್ದ ಚದುರುವ ರಗಳೆಯೂ ಇಲ್ಲ. ಎಷ್ಟೋ ದೊಡ್ಡ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಮುಖ್ಯ ಮಾನಿಟರುಗಳನ್ನು ಗೋಡೆಯಲ್ಲೇ ಹುದುಗಿಸಿರುತ್ತಾರೆ. ಅವೇನು ಹೋಟೆಲ್ ಲಾಬಿಗಳೇ?

ಹಾಗಾದರೆ ಕೆಟ್ಟ ಹೆಸರು ಯಾಕೆ ಬಂತು? ಕಾರಣ ಇದೆ. ಈ ಸ್ಪೀಕರುಗಳಲ್ಲಿ ಹೆಚ್ಚಿನವು ಅಮೆರಿಕದ ಮನೆಗಳ ಅಳತೆಗೆ ಹುಟ್ಟಿದವು. ಅಲ್ಲಿ ಮರದ ಕಂಬಗಳ ಮೇಲೆ ಅರ್ಧ ಇಂಚಿನ ಜಿಪ್ಸಮ್ ಹಲಗೆ, ನಡುವೆ ಮೂರೂವರೆ ಇಂಚಿನ ಟೊಳ್ಳು. ಹಿಂಬದಿ ಮುಚ್ಚದ ಸ್ಪೀಕರನ್ನು ಅದರಲ್ಲಿ ಸಿಕ್ಕಿಸಿದರೆ ಹಲಗೆಯೂ ನಡುಗುತ್ತದೆ, ಪಕ್ಕದ ರೂಮಿಗೂ ಕೇಳುತ್ತದೆ. ನಮ್ಮಲ್ಲಿ ಇನ್ನೊಂದು ಅವಾಂತರ: ಮಾಮೂಲಿ ಸ್ಪೀಕರನ್ನೇ ಟಿವಿ ಯೂನಿಟ್ಟಿನ ಗೂಡಿಗೆ ತುರುಕುವುದು. ಬಯಲಲ್ಲಿ ನಿಲ್ಲಲು ಮಾಡಿದ ಸ್ಪೀಕರಿಗೆ ಗೋಡೆಯಿಂದ 6 ಡೆಸಿಬೆಲ್ ತನಕ ಹೆಚ್ಚುವರಿ ತಗ್ಗು ಸಿಕ್ಕಿ ಅದು ಗುಂಯ್ ಅನ್ನತೊಡಗುತ್ತದೆ. ಬೈಗುಳ ಮಾತ್ರ ಗೋಡೆಗೆ. ಇನ್ನು ಸೀಲಿಂಗಿನಲ್ಲಿ ಕೂರಿಸುವವರ ಬಗ್ಗೆ ನಾನು ಅಂಗಡಿಯವರ ಪಕ್ಷವೇ. ಗಾಯಕ ಫ್ಯಾನಿನ ಪಕ್ಕ ಕೂತು ಹಾಡುವುದಿಲ್ಲ.

ನಮ್ಮ ಒಳಗೋಡೆಗಳು ನಾಲ್ಕೂವರೆ ಇಂಚಿನ ಇಟ್ಟಿಗೆಯವು. ಅವನ್ನು ಕೊರೆಯುವುದು ಬೇಡ. ಕಾಂಕ್ರೀಟ್ ಗೋಡೆಯ ಅಪಾರ್ಟ್‌ಮೆಂಟಿನಲ್ಲಂತೂ ಮುಟ್ಟಲೇಬಾರದು. ಟಿವಿ ಹಿಂದೆ ಹೇಗೂ ಪ್ಲೈವುಡ್ ಪ್ಯಾನೆಲ್ ಹೊಡೆಸುತ್ತೇವಲ್ಲ, ಅದನ್ನೇ ನೆಲದಿಂದ ಸೀಲಿಂಗ್ ತನಕ, ಗೋಡೆಯ ಪೂರ್ತಿ ಅಗಲಕ್ಕೆ, ಎರಡು ಪದರದ ದಪ್ಪ ಪ್ಲೈನಲ್ಲಿ ಆರಿಂಚು ಮುಂದಕ್ಕೆ ಕಟ್ಟಿಸಿ. ಗೋಡೆಗೆಂದೇ ಮಾಡಿದ ಸ್ಪೀಕರು, ಪ್ರತಿಯೊಂದಕ್ಕೂ ಹಿಂದೆ ಮುಚ್ಚಿದ ಪೆಟ್ಟಿಗೆ, ಉಳಿದ ಸಂದಿಗೆ ರಾಕ್‌ವೂಲ್. ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ. ಮೂರಡಿ ಕೇಳುತ್ತಿದ್ದ ಜಾಗ ಆರಿಂಚಿಗೆ ಮುಗಿಯಿತು.

ತೊಂದರೆ ಇಲ್ಲ ಅಂತಲ್ಲ. ಒಮ್ಮೆ ಕೂರಿಸಿದರೆ ಆಚೀಚೆ ಸರಿಸುವ ಹಾಗಿಲ್ಲ. ಹಿಡಿಸದಿದ್ದರೆ ಮನೆಗೆ ತಂದು ನೋಡಿ ವಾಪಸು ಕೊಡುವಂತಿಲ್ಲ. ಬಾಡಿಗೆ ಮನೆಗೆ ಇದು ಆಗದ ಮಾತು. ಅಕ್ಕಪಕ್ಕದ ಗೋಡೆ, ನೆಲ ಮಾಡುವ ಕಿತಾಪತಿ ಇದ್ದೇ ಇರುತ್ತದೆ. ಈ ಮಾತುಗಳನ್ನು ಅಂಗಡಿಯವರು ಹೇಳಿದ್ದರೆ ಕೈಮುಗಿದು ಬರುತ್ತಿದ್ದೆ. ಅವರು ಹೇಳಿದ್ದು ಇದ್ಯಾವುದೂ ಅಲ್ಲ. ನಕ್ಕರು, ಅಷ್ಟೇ. ರೂಮಿನ ಅಳತೆಯನ್ನೂ ಕೇಳಲಿಲ್ಲ.

ಅಪ್ಪ ನಲವತ್ತು ವರ್ಷ ಒಂದೇ ಸ್ಪೀಕರಿನ ರೇಡಿಯೋ ಮುಂದೆ ಕೂತು ಮನ್ಸೂರರನ್ನು, ಭೀಮಸೇನ ಜೋಶಿಯವರನ್ನು ಕೇಳಿದವರು. ಅವರಿಗಿಂತ ಸೀರಿಯಸ್ಸಾಗಿ ಕೇಳುವವರು ಆ ಅಂಗಡಿಗೆ ಎಷ್ಟು ಜನ ಬರುತ್ತಾರೋ ಕಾಣೆ. ಮುಂದಿನ ವಾರ ಕಾರ್ಪೆಂಟರ್ ಬರುತ್ತಾನೆ. ನಿಮ್ಮಲ್ಲಿ ಯಾರಾದರೂ ಈ ಸಾಹಸ ಮಾಡಿದ್ದರೆ ಹೇಳಿ, ಪ್ಲೈ ಕತ್ತರಿಸುವ ಮೊದಲೇ!