ಳಕಾರ ಕಳೆದದ್ದು ಮರಾಠಿಯಿಂದಲ್ಲ

ಊರಿಗೆ ಬಂದಾಗಲೆಲ್ಲ ನೀವು ನಮಗೆ ಹೇಳುವ ಮಾತೊಂದಿದೆ: ‘ಮುಂಬಯಿಗೆ ಹೋದ್ಮೇಲೆ ನಿಮ್ಮ ಕನ್ನಡ ಕೆಟ್ಟೋಯ್ತು. ಮಕ್ಕಳಿಗಂತೂ ಳ ಬರೋದೇ ಇಲ್ಲ. ಎಲ್ಲಾ ಮರಾಠಿ ಪ್ರಭಾವ.’ ಮಕ್ಕಳ ವಿಷಯ ನಿಜ. ಮರಾಠಿಯ ಮೇಲೆ ಹೊರಿಸುವ ಆರೋಪ ಮಾತ್ರ ಶುದ್ಧ ಸುಳ್ಳು.

ಮರಾಠಿಯಲ್ಲಿ ಳ ಇದೆ, ನಮ್ಮಷ್ಟೇ ಗಟ್ಟಿಯಾಗಿದೆ. ಲೋಕಲ್ ಟ್ರೇನಿನ ಕಿಟಕಿಯಿಂದ ಸ್ಟೇಷನ್ನುಗಳ ಹೆಸರು ಓದಿ. ಪರಳ, ಭಾಯಖಳಾ, ಚಿಂಚಪೋಕಳಿ, ವಿಕ್ರೋಳಿ. ಮರಾಠಿ ಸಾಲಿನಲ್ಲೆಲ್ಲ ಳ. ಹಿಂದಿಯಲ್ಲಿ ಅವೇ ಪರೇಲ್, ಭಾಯಖಲಾ, ವಿಕ್ರೋಲಿ ಆಗುತ್ತವೆ. ಇಂಗ್ಲಿಷಿನ ಪಾಡು ಹೇಳುವುದೇ ಬೇಡ, ಅದಕ್ಕೆ ಇರುವುದೇ ಒಂದು ಲ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಓದಿ, ಕಟ್ಟಡದ ಅಂಗಳದಲ್ಲಿ ಹಿಂದಿಯಲ್ಲಿ ಆಡಿ ಬೆಳೆಯುತ್ತವೆ. ಳ ಕಳೆದದ್ದು ಅಲ್ಲಿ. ಪಕ್ಕದ ಮನೆಯ ಮರಾಠಿ ಅಜ್ಜಿಯ ಹತ್ತಿರ ಕೂತಿದ್ದರೆ ಉಳಿಯುತ್ತಿತ್ತು.

‘ಒಂದು ಅಕ್ಷರ ಹೋದರೆ ಏನು ಮಹಾ? ಅರ್ಥವಾದರೆ ಸಾಕಲ್ಲ’ ಅನ್ನುವವರಿದ್ದಾರೆ. ಅರ್ಥವಾಗುವುದಿಲ್ಲ ಸ್ವಾಮಿ, ಅದೇ ಕಷ್ಟ. ಹಳ್ಳಿ ಹಲ್ಲಿಯಾಗುತ್ತದೆ, ಹುಳಿ ಹುಲಿಯಾಗುತ್ತದೆ, ಬೆಳೆಗೂ ಬೆಲೆಗೂ ವ್ಯತ್ಯಾಸ ಉಳಿಯುವುದಿಲ್ಲ. ‘ಕಥೆ ಹೇಳು’ ಅನ್ನಲು ಹೋದ ಮಗು ಏನಂದೀತು, ನೀವೇ ಊಹಿಸಿ! ಲ ಅನ್ನಲು ನಾಲಗೆಯ ತುದಿ ಹಲ್ಲಿನ ಹಿಂದೆ ತಾಗಿದರೆ ಸಾಕು. ಳ ಅನ್ನಲು ಅದನ್ನು ಹಿಂದಕ್ಕೆ ಮಡಚಿ ಮೇಲಂಗುಳಕ್ಕೆ ತಾಗಿಸಬೇಕು. ಇಷ್ಟೇ ಶ್ರಮ.

ಇನ್ನು ಕೆಲವರದು ಪಂಡಿತರ ವಾದ: ‘ಹಳೆಗನ್ನಡದ ಱ, ೞ ಹೋದವಲ್ಲ, ಕನ್ನಡ ಸತ್ತಿತೇ?’ ಸಾಯಲಿಲ್ಲ, ಆದರೆ ಬೆಲೆ ತೆತ್ತಿತು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿ ‘ಬಾಳ್ಗೞ್ಚು’ ಎಂಬ ಒಂದೇ ಪದದಲ್ಲಿ ಳ, ೞ ಎರಡೂ ಇವೆ. ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು. ಈಗ ಎರಡಕ್ಕೂ ಒಂದೇ ಬರವಣಿಗೆ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞ ಬರುವ ಪದಗಳನ್ನು ಪಟ್ಟಿಮಾಡಿ ಕೊಟ್ಟ. ಆದರೂ ಅದು ಉಳಿಯಲಿಲ್ಲ. ಕಂಪ್ಯೂಟರಿನ ಯೂನಿಕೋಡ್ ಪಟ್ಟಿಗೆ ಸೇರುವಾಗ ಆ ೞಗೆ ‘ಫ’ ಎಂಬ ತಪ್ಪು ಹೆಸರು ಬಿತ್ತು. ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲ ಎಂಬುದು ಅಲ್ಲಿನ ನಿಯಮ, ಹಾಗಾಗಿ ತಪ್ಪು ಈಗಲೂ ಕೂತಿದೆ. ವಾರಸುದಾರರಿಲ್ಲದ ಅಕ್ಷರದ ಗತಿ ಇದು. ಅಲ್ಲದೆ ೞ ಕರಗಿದ್ದು ಕನ್ನಡದೊಳಗೇ, ಎಲ್ಲರ ಬಾಯಲ್ಲಿ, ಶತಮಾನಗಳಲ್ಲಿ. ಳ ಹೋಗುತ್ತಿರುವುದು ಒಂದೇ ತಲೆಮಾರಿನಲ್ಲಿ, ನಮ್ಮ ಉದಾಸೀನದಿಂದ.

ಳ ಹಳ್ಳಿಗರ ಒರಟು ಉಚ್ಚಾರ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಋಗ್ವೇದದ ಮೊದಲ ಸೂಕ್ತದ ಮೊದಲ ಸಾಲಿನಲ್ಲೇ ಳಕಾರವಿದೆ. ಮುಂದಿನ ಸಂಸ್ಕೃತ ಅದನ್ನು ಬಿಟ್ಟಿತು. ಕನ್ನಡ, ಮರಾಠಿ, ಗುಜರಾತಿ, ಒಡಿಯಾ ಬಿಡಲಿಲ್ಲ.

ಊರಿನಲ್ಲಿರುವವರೇ, ಈಗ ನಿಮ್ಮ ಸರದಿ. ಮರಾಠಿಗರು ‘ಟಿಳಕ’ ಅನ್ನುತ್ತಾರೆ, ನಮ್ಮ ಬೆಳಗಾವಿಯಲ್ಲೂ ಟಿಳಕವಾಡಿಯೇ ಇದೆ. ನಮ್ಮ ಪತ್ರಿಕೆ, ಪುಸ್ತಕಗಳಲ್ಲಿ ಮಾತ್ರ ‘ತಿಲಕ್’. ಕೈಯಲ್ಲಿ ಳ ಇಟ್ಟುಕೊಂಡು ಹಿಂದಿಯ ಲ ಸಾಲ ತರುವುದು ಯಾವ ನ್ಯಾಯ? 2014ರ ನವೆಂಬರ್ 1ರಂದು ಬ್ಯಾಂಗಲೋರ್ ಅಧಿಕೃತವಾಗಿ ಬೆಂಗಳೂರಾಯಿತು, ಸಂತೋಷಪಟ್ಟೆವು. ಹಿಂದಿಯಲ್ಲಿ ಅದು ‘ಬೆಂಗಲುರು’ ಆಗಿದ್ದನ್ನು ಯಾರೂ ಕೇಳಲಿಲ್ಲ. ದೇವನಾಗರಿಯಲ್ಲಿ ಳ ಬರೆಯಲು ಅಕ್ಷರವಿಲ್ಲವೇ? ಇದೆ. ಮುಂಬಯಿಯ ಮರಾಠಿ ಪತ್ರಿಕೆಗಳು ನಮ್ಮ ರಾಜಧಾನಿಯ ಹೆಸರನ್ನು ಳ ಹಾಕಿಯೇ ಅಚ್ಚು ಮಾಡುತ್ತವೆ.

ನಾವು ಇಲ್ಲಿ ಮಕ್ಕಳಿಗೆ ಹಳ್ಳಿ, ಹೊಳೆ, ಮಳೆ ಹೇಳಿಸುತ್ತೇವೆ. ತಪ್ಪಿದರೆ ತಿದ್ದುತ್ತೇವೆ, ಮುದ್ದು ಮಾಡಿ ನಕ್ಕು ಬಿಡುವುದಿಲ್ಲ. ನೀವು ಅಲ್ಲಿ ‘ಬೆಂಗಲೂರು’ ಅನ್ನುವ ಕನ್ನಡದ ಮಕ್ಕಳನ್ನು ತಿದ್ದಿ. ಮತ್ತೆ ದಯವಿಟ್ಟು ಮರಾಠಿಯನ್ನು ಬೈಯಬೇಡಿ. ಈ ಒಂದು ಅಕ್ಷರದ ಮಟ್ಟಿಗೆ ಅವರು ನಮ್ಮ ದಾಯಾದಿಗಳಲ್ಲ, ಜೊತೆ ಕಾವಲುಗಾರರು.